ಹುಟ್ಟಿದ್ದು ಭೂತಾನ್, ಲೆಕ್ಕ ಕೊಟ್ಟಿದ್ದು ಪುಣೆಯಲ್ಲಿ

ಹೋದ ತಿಂಗಳು ನನ್ನ ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬಂತು. ನಲವತ್ತು ದಾಟಿದ ಮೇಲೆ ಮೊದಲ ಪಾಸ್‌ಪೋರ್ಟ್. ಹುಟ್ಟಿದ ಸ್ಥಳ ಅನ್ನುವ ಕಡೆ ಹಾ, ಭೂತಾನ್ ಎಂದು ಅಚ್ಚಾಗಿದೆ. ಹಾ ಅನ್ನುವುದೇ ಊರಿನ ಹೆಸರು. ಅಷ್ಟು ಅಚ್ಚಾಗಲಿಕ್ಕೆ ವರ್ಷದ ಹತ್ತಿರ ಹಿಡಿಯಿತು. ನಾವಿರುವ ಪುಣೆಯ ದಿಘಿ ಕಡೆ ಫೌಜಿಯವರ ಮನೆಗಳು ಜಾಸ್ತಿ. ಸುದ್ದಿ ಹರಡಿದ ಮೇಲೆ "ಅಕ್ಕಾ, ನಮ್ಮದೂ ಇದೇ ಕಥೆ, ಏನು ಮಾಡಿದಿರಿ?" ಎಂದು ಕೇಳುವವರು ಶುರುವಾದರು. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮಪ್ಪ ಗದಗ ತಾಲ್ಲೂಕಿನ ಹಳ್ಳಿಯವರು. ಮೀಸೆ ಬಲಿಯುವ ಮೊದಲೇ ಸೈನ್ಯಕ್ಕೆ ಸೇರಿದವರು. 1980ರ ದಶಕದ ಶುರುವಿನಲ್ಲಿ ಅವರಿಗೆ ಭೂತಾನಕ್ಕೆ ಪೋಸ್ಟಿಂಗ್ ಆಯಿತು. ಭೂತಾನದ ಸೈನ್ಯಕ್ಕೆ ತರಬೇತಿ ಕೊಡಲು ನಮ್ಮ ಸೈನ್ಯದ ತಂಡವೊಂದು 1960ರ ದಶಕದಿಂದ ಅಲ್ಲಿದೆ. ಇಮ್‌ಟ್ರಾಟ್ ಅಂತ ಕರೆಯುತ್ತಾರೆ. ಅದರ ನೆಲೆ ಹಾ ಕಣಿವೆ. ಅಪ್ಪ ಮದುವೆಯಾಗಿ ವರ್ಷವಾಗಿತ್ತು. ಅವ್ವನನ್ನೂ ಕರೆದುಕೊಂಡು ಹೋದರು. ಹಾಸಿಮಾರಾದವರೆಗೆ ರೈಲು, ಜೈಗಾಂವ್ ದಾಟಿದರೆ ಫುಂಟ್‌ಶೋಲಿಂಗ್ ಗೇಟು, ಅಲ್ಲಿಂದ ಮಿಲಿಟರಿ ಲಾರಿಯಲ್ಲಿ ಬೆಟ್ಟ ಹತ್ತಿದ್ದು. 1982ರ ಚಳಿಗಾಲದಲ್ಲಿ ನಾನು ಅಲ್ಲಿನ ನಮ್ಮದೇ ಮಿಲಿಟರಿ ಆಸ್ಪತ್ರೆಯಲ್ಲಿ ಹುಟ್ಟಿದೆ. ಎರಡು ವರ್ಷ ತುಂಬುವ ಮೊದಲೇ ಜೋಧಪುರ, ಆಮೇಲೆ ಪುಣೆ. ಅಪ್ಪ ಇಲ್ಲೇ ರಿಟೈರ್ ಆಗಿ ಇಲ್ಲೇ ಮನೆ ಕಟ್ಟಿದರು. ಅವರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಭೂತಾನದ ಒಂದು ಕಲ್ಲೂ ನನಗೆ ನೆನಪಿಲ್ಲ.

ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಫಾರ್ಮ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು. ಮಹಾರಾಷ್ಟ್ರದ ಶಾಲೆ ಬಿಟ್ಟ ದಾಖಲೆಯಲ್ಲಿ, ಅಂದರೆ ಎಲ್ಲರೂ ಎಲ್.ಸಿ. ಅನ್ನುವ ಕಾಗದದಲ್ಲಿ, ಹುಟ್ಟಿದ ಊರಿನ ಕಾಲಂ ಇರುತ್ತದೆ. ನನ್ನದರಲ್ಲಿ ಭೂತಾನ್ ಅಂತಲೇ ಇದೆ. ಕಾಲೇಜು, ನೌಕರಿ, ಮದುವೆ, ಬ್ಯಾಂಕು, ಆಧಾರ್, ವೋಟರ್ ಕಾರ್ಡು, ಎಲ್ಲ ಆಯಿತು. ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮಗಳು ಓದಲಿಕ್ಕೆ ಜರ್ಮನಿಗೆ ಹೋದಳು. "ಒಮ್ಮೆ ಬಂದು ಹೋಗವ್ವಾ" ಎಂದು ಕರೆದಳು. ಆಗ ಶುರುವಾಯಿತು ನೋಡಿ.

ಅರ್ಜಿ ತುಂಬಿಸಲು ಹತ್ತಿರದ ಸೈಬರ್ ಕೆಫೆಗೆ ಹೋದೆ. ಮನೆಯಲ್ಲೇ ತುಂಬಬಹುದು, ಆದರೆ ಸ್ಕ್ಯಾನ್ ಗೀನ್ ತಲೆನೋವು ಬೇಡ ಅಂದುಕೊಂಡಿದ್ದೆ. ಆ ಹುಡುಗ ಎಲ್.ಸಿ. ನೋಡಿ, "ಕಾಕೂ, ಭೂತಾನ್ ಹಾಕಿದರೆ ಸುಮ್ನೆ ಲಫಡಾ. ನಿಮ್ಮ ಮೂಲ ಊರು ಗದಗ ಅಲ್ವಾ? ಅದನ್ನೇ ಹಾಕ್ತೀನಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಸುಳ್ಳು ಹೇಳಬಾರದು. ಬೇಡ ಅಂದೆ. ನಿಮಗೂ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಂ ಪ್ರಕಾರ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ 2 ವರ್ಷದವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎಲ್.ಸಿ.ಯಲ್ಲಿ ಒಂದು ಊರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಊರು ಆದರೆ ಮುಂದೆ ವೀಸಾದವರಿಗೆ ಉತ್ತರ ಹೇಳುವವರು ನೀವು, ಆ ಹುಡುಗ ಅಲ್ಲ.

ಅರ್ಜಿಯಲ್ಲಿ ಹುಟ್ಟಿದ ಜಾಗ ಭಾರತದ ಹೊರಗೆ ಅನ್ನುವುದಕ್ಕೆ ಒಂದು ಟಿಕ್ ಇದೆ. ಅದರ ಜೊತೆಗೆ ಪೌರತ್ವ ಹೇಗೆ ಬಂತು ಅನ್ನುವ ಪ್ರಶ್ನೆ. ಹುಟ್ಟಿನಿಂದಲೋ, ವಂಶದಿಂದಲೋ, ನೋಂದಣಿಯಿಂದಲೋ. ನಮ್ಮಂಥವರದು ವಂಶದಿಂದ. ಭಾರತೀಯ ತಂದೆಗೆ ಹೊರದೇಶದಲ್ಲಿ ಹುಟ್ಟಿದವರು ಅಂತ ಅರ್ಥ. ಸೈನ್ಯದ ಆಸ್ಪತ್ರೆ ಭಾರತದ್ದೇ ಇರಬಹುದು, ಆದರೆ ಅದು ನಿಂತಿರುವ ನೆಲ ಭೂತಾನದ್ದು. ಹಾಗಾಗಿ ಹುಟ್ಟಿನಿಂದ ಎಂದು ಹಾಕಲು ಬರುವುದಿಲ್ಲ.

1,500 ರೂಪಾಯಿ ಫೀ ಕಟ್ಟಿ, ಅಪಾಯಿಂಟ್‌ಮೆಂಟ್ ದಿನ ಬೆಳಿಗ್ಗೆಯೇ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದೆ. ಹೋದವರಿಗೆ ಗೊತ್ತು, ಅಲ್ಲಿ ಎ, ಬಿ, ಸಿ ಅಂತ ಮೂರು ಹಂತ. ಎ ಕೌಂಟರ್‌ನಲ್ಲಿ ಫೋಟೊ, ಬೆರಳಚ್ಚು, ಕಾಗದ ಸ್ಕ್ಯಾನ್. ಅಲ್ಲಿ ನಿಮ್ಮ ಕಡೆಗೂ ಒಂದು ಪರದೆ ತಿರುಗಿಸಿಟ್ಟಿರುತ್ತಾರೆ. ಅದನ್ನು ಅಕ್ಷರ ಅಕ್ಷರ ಓದಿ. ನನ್ನ ಊರಿನ ಹೆಸರು ಒಂದೇ ಅಕ್ಷರ ಅಂತಲೋ ಏನೋ, ಆ ಹುಡುಗಿ ಅರ್ಧಕ್ಕೆ ಟೈಪ್ ಆಗಿದೆ ಎಂದು ತಿಳಿದು "ಪೂರ್ತಿ ಹೆಸರು ಹೇಳಿ ಮ್ಯಾಡಮ್" ಅಂದಳು. ಇದೇ ಪೂರ್ತಿ ಅಂದೆ. ಹಾ? ಅಂದಳು. ಹೌದು, ಹಾ ಅಂದೆ. ಇಬ್ಬರೂ ನಕ್ಕೆವು. ಅವತ್ತು ನಕ್ಕಿದ್ದು ಅಷ್ಟೇ.

ಬಿ ಕೌಂಟರ್‌ನಲ್ಲಿ ಸರ್ಕಾರಿ ಅಧಿಕಾರಿ ಕೂತಿರುತ್ತಾರೆ. ಅವರು ಅರ್ಜಿ ನೋಡಿದರು, ಎಲ್.ಸಿ. ನೋಡಿದರು, ನನ್ನ ಮುಖ ನೋಡಿದರು. "ಇಂಡಿಯನ್ ಎಂಬೆಸಿಯಲ್ಲಿ ಜನನ ನೋಂದಣಿ ಮಾಡಿಸಿದ ಸರ್ಟಿಫಿಕೇಟ್ ಎಲ್ಲಿ?" ಇಲ್ಲ ಅಂದೆ. "ನಿಮ್ಮ ತಾಯಿಯ ಆಗಿನ ಪಾಸ್‌ಪೋರ್ಟ್? ಹೋಗಿ ಬಂದ ಸ್ಟಾಂಪ್?" ಅದೂ ಇಲ್ಲ. ಭೂತಾನಕ್ಕೆ ಹೋಗಲು ನಮ್ಮವರಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಇವತ್ತಿಗೂ ವೋಟರ್ ಕಾರ್ಡ್ ಸಾಕು ಅಂದೆ. "ಅದೆಲ್ಲ ಸರಿ, ನೀವು ಭಾರತದವರು ಅನ್ನುವುದಕ್ಕೆ ಏನಿದೆ?" ಆಧಾರ್ ಮುಂದಿಟ್ಟೆ. ಪಕ್ಕಕ್ಕೆ ಸರಿಸಿದರು. ಆಧಾರ್ ಪೌರತ್ವದ ಪುರಾವೆ ಅಲ್ಲ, ಅದು ನಿಜವೇ. ವೋಟರ್ ಕಾರ್ಡ್ ಇಟ್ಟೆ. ಅದನ್ನೂ ಸರಿಸಿದರು. ಅವರ ಮಾತಿನಲ್ಲಿ ಒರಟುತನ ಇರಲಿಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ಕಾಲೇಜು ಹುಡುಗನೊಬ್ಬ ಕೂತಿದ್ದ. ಅವನು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ಇವತ್ತಿಗೂ ಮರೆತಿಲ್ಲ. ಸಿ ಕೌಂಟರ್‌ಗೆ ಹೋದಾಗ ಅರ್ಜಿ ತಡೆಹಿಡಿಯಲಾಗಿದೆ ಎಂದು ಒಂದು ಕಾಗದ ಕೊಟ್ಟರು. ಪೌರತ್ವದ ದಾಖಲೆ ತಂದು ದೊಡ್ಡ ಕಚೇರಿಯಲ್ಲಿ, ಅಂದರೆ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯಲ್ಲಿ, ತೋರಿಸಿ ಎಂದು ಬರೆದಿತ್ತು. ಯಾವ ದಾಖಲೆ ಎಂದು ಮಾತ್ರ ಬರೆದಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತ ಕೂತಿದ್ದಳು. "ಆ ಥಂಡ್ಯಾಗ ಹಡದಾಕಿ ನಾನು. ನನ್ನ ಕೇಳ್ರಿ ಅನ್ನು ಅವರಿಗೆ" ಎಂದಳು. ಹಿಟ್ಟಿಗೆ ಇನ್ನೆರಡು ಏಟು ಜಾಸ್ತಿ ಬಿತ್ತು.

ಆ ರಾತ್ರಿ 1955ರ ಪೌರತ್ವ ಕಾಯ್ದೆ ತೆರೆದು ಕೂತೆ. ಕಾನೂನು ಓದಿದವಳಲ್ಲ, ಆದರೆ 4ನೇ ಕಲಂ ಎರಡು ಪುಟಕ್ಕಿಂತ ಜಾಸ್ತಿ ಇಲ್ಲ. ನಿಧಾನಕ್ಕೆ ಓದಿದರೆ ತಿಳಿಯುತ್ತದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಇಡೀ ಕಥೆಯ ಕೀಲಿ ಇಲ್ಲಿದೆ. ಹೊರದೇಶದಲ್ಲಿ ಹುಟ್ಟಿದವರಿಗೆ ಯಾವ ನಿಯಮ ಅನ್ನುವುದು ಅವರು ಹುಟ್ಟಿದ ತಾರೀಖಿನ ಮೇಲೆ ನಿಂತಿದೆ. 26 ಜನವರಿ 1950ರಿಂದ 10 ಡಿಸೆಂಬರ್ 1992ಕ್ಕೆ ಮೊದಲು ಹುಟ್ಟಿದ್ದರೆ, ಹುಟ್ಟಿದ ದಿನ ತಂದೆ ಭಾರತದ ಪ್ರಜೆ ಆಗಿದ್ದರೆ ಸಾಕು. ತಾಯಿ ಲೆಕ್ಕಕ್ಕಿಲ್ಲ. ಹಡೆದವಳು ಲೆಕ್ಕಕ್ಕಿಲ್ಲದ ಕಾನೂನು ನಲವತ್ತು ವರ್ಷ ಹೇಗೆ ನಡೆಯಿತೋ. 10 ಡಿಸೆಂಬರ್ 1992ರಿಂದ ತಂದೆ ಅಥವಾ ತಾಯಿ, ಯಾರು ಭಾರತದ ಪ್ರಜೆ ಆಗಿದ್ದರೂ ಆಯಿತು. ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಹುಟ್ಟು ನೋಂದಾಯಿಸಲೇಬೇಕು ಅನ್ನುವ ನಿಯಮ ಎಲ್ಲರಿಗೂ ಬಂದಿದ್ದು 3 ಡಿಸೆಂಬರ್ 2004ರಿಂದ. ಬಿ ಕೌಂಟರ್‌ನವರು ನನ್ನಿಂದ ಕೇಳಿದ್ದು ಈ ಕೊನೆಯ ನಿಯಮದ ಕಾಗದ. ನಾನು ಹುಟ್ಟಿದ್ದು 1982ರಲ್ಲಿ.

ಇದರಲ್ಲಿ ಒಂದು ಕೊಕ್ಕೆ ಇದೆ. ತಂದೆಯೂ ಹೊರದೇಶದಲ್ಲಿ ಹುಟ್ಟಿ ವಂಶದಿಂದಲೇ ಪ್ರಜೆ ಆದವರಾಗಿದ್ದರೆ ಹಳೆಯ ಕಾಲದವರಿಗೂ ನೋಂದಣಿ ಬೇಕು. ಆದರೆ ಮಗು ಹುಟ್ಟಿದಾಗ ಆ ತಂದೆ ಸರ್ಕಾರಿ ಸೇವೆಯಲ್ಲಿ ಇದ್ದರೆ ಆ ಷರತ್ತೂ ಇಲ್ಲ. ಸೈನ್ಯದವರಿಗೆ ಇದು ಉಪಯೋಗಕ್ಕೆ ಬರುವ ಮಾತು. ನಮ್ಮಪ್ಪ ಹುಟ್ಟಿದ್ದು ಊರಲ್ಲೇ, 1948ರಲ್ಲಿ. ನನಗೆ ಅದರ ಗೊಡವೆ ಬೀಳಲಿಲ್ಲ.

ಹಾಗಾದರೆ ನಾನು ತೋರಿಸಬೇಕಾದದ್ದು ಮೂರೇ ಮೂರು. ಅಪ್ಪ ಭಾರತದ ಪ್ರಜೆ. ಅಪ್ಪ ಆ ಹೊತ್ತಿಗೆ ಭೂತಾನದಲ್ಲಿ ಭಾರತದ ಸೈನ್ಯದ ಕೆಲಸದಲ್ಲಿದ್ದರು. ನಾನು ಅವರ ಮಗಳು. ಕೇಳಲಿಕ್ಕೆ ಎಷ್ಟು ಸಲೀಸು ಅಲ್ವಾ?

ನಡುವೆ ಸಿಕ್ಕಸಿಕ್ಕವರೆಲ್ಲ ಮೊದಲು ಇಲ್ಲಿಯ ಮಹಾನಗರ ಪಾಲಿಕೆಯಲ್ಲಿ ಜನನ ಪ್ರಮಾಣಪತ್ರ ಮಾಡಿಸಿಬಿಡು ಎಂದರು. ವಿಚಾರಿಸಿ ಕೈಬಿಟ್ಟೆ. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜೊತೆ ತಂದೆ ತಾಯಿ ಇಲ್ಲೇ ನೆಲೆಸಲು ಬಂದರೆ 60 ದಿನದೊಳಗೆ ಇಲ್ಲಿ ನೋಂದಾಯಿಸಬಹುದು, 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಂನಲ್ಲಿ ಅದಕ್ಕೆ ದಾರಿ ಇದೆ. ಆ 60 ದಿನ ಕಳೆದು ನಲವತ್ತು ವರ್ಷ ಆಯಿತು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅದರ ಮೇಲೆ 2025ರಲ್ಲಿ ಮಹಾರಾಷ್ಟ್ರ ಸರ್ಕಾರ ತಡ ನೋಂದಣಿಯ ಪರಿಶೀಲನೆಯನ್ನು ಇನ್ನೂ ಬಿಗಿ ಮಾಡಿದೆ. ಇಷ್ಟಕ್ಕೂ ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರವೇ ಬೇಕು ಅನ್ನುವುದು 1 ಅಕ್ಟೋಬರ್ 2023 ಮತ್ತು ಆಮೇಲೆ ಹುಟ್ಟಿದವರಿಗೆ. ಹಳಬರಿಗೆ ಹುಟ್ಟಿದ ತಾರೀಖಿಗೆ ಎಲ್.ಸಿ. ನಡೆಯುತ್ತದೆ. ನನ್ನ ತಕರಾರು ತಾರೀಖಿನದ್ದಲ್ಲ, ಪೌರತ್ವದ್ದು.

ಅಪ್ಪನ ಕರಿ ಟ್ರಂಕು ತೆಗೆದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್ಕು, ಪೆನ್ಷನ್ ಪೇಮೆಂಟ್ ಆರ್ಡರ್ (ಪಿ.ಪಿ.ಒ.), ಕ್ಯಾಂಟೀನ್ ಕಾರ್ಡು, ಮೆಡಲ್‌ಗಳ ರಿಬ್ಬನ್ನು, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳ ಕಟ್ಟು. ನಾನು ಹುಟ್ಟಿದಾಗ ಆಸ್ಪತ್ರೆಯವರು ಕೊಟ್ಟ ಚೀಟಿ ಒಂದಿತ್ತು ಎಂದು ಅವ್ವ ಆಣೆ ಮಾಡಿ ಹೇಳುತ್ತಾಳೆ. ಪೋಸ್ಟಿಂಗ್ ಮೇಲೆ ಪೋಸ್ಟಿಂಗ್ ಆಗಿ ಅದು ಎಲ್ಲಿ ಹೋಯಿತೋ. ಡಿಸ್ಚಾರ್ಜ್ ಬುಕ್‌ನಲ್ಲಿ ಕುಟುಂಬದ ಪುಟದಲ್ಲಿ ನನ್ನ ಹುಟ್ಟಿದ ತಾರೀಖಿತ್ತು, ಜಾಗ ಇರಲಿಲ್ಲ.

ದಾರಿ ತೋರಿಸಿದವರು ಪಕ್ಕದ ಗಲ್ಲಿಯ ರಿಟೈರ್ಡ್ ಸುಬೇದಾರ್ ಸಾಹೇಬರು. ಬೆಳಗಾವಿ ಕಡೆಯವರು, ತಮ್ಮ ಯೂನಿಟ್ಟಿನಲ್ಲಿ ವರ್ಷಗಟ್ಟಲೆ ಹೆಡ್ ಕ್ಲರ್ಕ್ ಆಗಿದ್ದವರು. "ತಂಗಿ, ಪಾರ್ಟ್ ಟೂ ಆರ್ಡರ್ ತೆಗಿಸು. ಅದಕ್ಕಿಂತ ದೊಡ್ಡ ಕಾಗದ ಇಲ್ಲ" ಅಂದರು. ಸೈನ್ಯದಲ್ಲಿ ಜವಾನನ ಮದುವೆ, ಮಗು, ರಜೆ, ಬದಲಿ, ಏನೇ ಆದರೂ ಯೂನಿಟ್ ಒಂದು ಆದೇಶದಲ್ಲಿ ಅದನ್ನು ಪ್ರಕಟಿಸುತ್ತದೆ. ಅದೇ ಪಾರ್ಟ್ ಟೂ ಆರ್ಡರ್. ಅದರ ಮೇಲೆಯೇ ರೆಕಾರ್ಡ್ಸ್ ಆಫೀಸಿನವರು ಸರ್ವಿಸ್ ದಾಖಲೆಯಲ್ಲಿ ಮಗುವಿನ ಹೆಸರು ಏರಿಸುತ್ತಾರೆ. ಅಂದರೆ ನಾನು ಹುಟ್ಟಿದ ಸಮಯದಲ್ಲೇ ಭಾರತ ಸರ್ಕಾರದ ಒಂದು ಕಾಗದ ನಾನು ಯಾರ ಮಗಳು ಅಂತ ಬರೆದಿಟ್ಟಿತ್ತು!

ರೆಕಾರ್ಡ್ಸ್ ಆಫೀಸ್ ಎಲ್ಲಿ ಅನ್ನುವುದು ತಂದೆಯ ರೆಜಿಮೆಂಟ್ ಅಥವಾ ಕೋರ್ ಮೇಲೆ ಹೋಗುತ್ತದೆ. ಬಾಂಬೆ ಸ್ಯಾಪರ್ಸ್ ಆಗಿದ್ದರೆ ಇಲ್ಲೇ ಖಡಕಿ, ಪುಣ್ಯವಂತರು. ಮದ್ರಾಸ್ ಸ್ಯಾಪರ್ಸ್ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ. ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್‌ಪುರ, ಇ.ಎಂ.ಇ. ಸಿಕಂದರಾಬಾದ್, ಮೆಡಿಕಲ್ ಕೋರ್ ಲಖನೌ. ತಂದೆ ಆಫೀಸರ್ ಆಗಿದ್ದರೆ ದೆಹಲಿಯ ಸೇನಾ ಮುಖ್ಯ ಕಚೇರಿಗೇ ಬರೆಯಬೇಕು.

ನಾನು ಬರೆದ ಮೊದಲ ಪತ್ರಕ್ಕೆ ಉತ್ತರವೇ ಬರಲಿಲ್ಲ. ಫೋನ್ ಹತ್ತುವುದೇ ಕಷ್ಟ, ಹತ್ತಿದರೆ "ನಾಳೆ ಮಾಡಿ" ಅನ್ನುವುದು. ಮದುವೆಯಾದ ಮಗಳ ಅರ್ಜಿಗೆ ಬೆಲೆ ಕಡಿಮೆ, ಪೆನ್ಷನ್ ಪಡೆಯುವ ಹೆಂಡತಿಯೇ ಅರ್ಜಿ ಹಾಕಬೇಕು ಅನ್ನುವುದು ಫೋನಿನಲ್ಲೇ ಒಬ್ಬ ಪುಣ್ಯಾತ್ಮನಿಂದ ಗೊತ್ತಾಯಿತು. ಆಮೇಲೆ ಎರಡು ಕೆಲಸ ಒಟ್ಟಿಗೆ ಮಾಡಿದೆವು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅವ್ವನನ್ನು ಕರೆದುಕೊಂಡು ಹೋಗಿ ಅವರ ಕಡೆಯಿಂದ ಒಂದು ಪತ್ರ ಬರೆಸಿದೆವು. ಮಾಜಿ ಸೈನಿಕರ ವಿಧವೆಯರ ಕೆಲಸ ಎಂದರೆ ಅಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಸಂಕೋಚ ಬೇಡ. ಜೊತೆಗೆ ಅವ್ವನ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಫೀ, 30 ದಿನದೊಳಗೆ ಉತ್ತರ ಕೊಡಬೇಕು. ಸೈನ್ಯ ಈ ಕಾಯ್ದೆಯಿಂದ ಹೊರಗಿಲ್ಲ. ಅರ್ಜಿಯಲ್ಲಿ ಅಪ್ಪನ ಸರ್ವಿಸ್ ನಂಬರ್, ಪಿ.ಪಿ.ಒ. ನಂಬರ್, ಅವ್ವ ಅವರ ಹೆಂಡತಿ ಅನ್ನುವುದಕ್ಕೆ ಪುರಾವೆ ಇರಲಿ. ಸುಮ್ನೆ "ಮಗಳ ಜನನದ ದಾಖಲೆ ಕೊಡಿ" ಎಂದು ಬರೆಯಬೇಡಿ. ಮಗಳ ಜನನ ಪ್ರಕಟಿಸಿದ ಪಾರ್ಟ್ ಟೂ ಆರ್ಡರ್‌ನ ದೃಢೀಕೃತ ಪ್ರತಿ, ಅದು ಸಿಗದಿದ್ದರೆ ಸರ್ವಿಸ್ ದಾಖಲೆಯಲ್ಲಿ ಕುಟುಂಬದ ವಿವರ ಇರುವ ಪುಟದ ಪ್ರತಿ, ಮತ್ತು ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಪೋಸ್ಟಿಂಗ್ ವಿವರ, ಹೀಗೆ ಬಿಡಿಸಿ ಕೇಳಿ. ಹಳೆಯ ಆರ್ಡರ್‌ಗಳನ್ನು ಕೆಲವು ಕಡೆ ತೆಗೆದುಹಾಕಿರುತ್ತಾರೆ, ಅದಕ್ಕೇ ಎರಡನೆಯದನ್ನೂ ಕೇಳಬೇಕು ಎಂದು ಸುಬೇದಾರ್ ಸಾಹೇಬರೇ ಹೇಳಿಕೊಟ್ಟಿದ್ದು.

ಆಮೇಲೆ ಕಾಯುವುದು. ಮಳೆಗಾಲ ಶುರುವಾಯಿತು, ಪಾಲಖಿ ಬಂದು ಹೋಯಿತು, ಗಣಪತಿ ಬಂದ. ಮಗಳು ಪ್ರತಿ ಭಾನುವಾರ ಫೋನ್ ಮಾಡಿ "ಬಂತಾ?" ಅನ್ನುವುದು, ನಾನು "ಬರ್ತದ" ಅನ್ನುವುದು. ನನ್ನ ಮನಸ್ಸಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಸಿಟ್ಟಿಗಿಂತ ಜಾಸ್ತಿ ಬಂದಿದ್ದು ನಾಚಿಕೆ. ಏನೂ ತಪ್ಪು ಮಾಡದೆ ಬಂದ ನಾಚಿಕೆ. ಆಫೀಸಿನಲ್ಲಿ ಯಾರಾದರೂ ಪಾಸ್‌ಪೋರ್ಟ್ ಸುದ್ದಿ ತೆಗೆದರೆ ಮಾತು ಬದಲಿಸುತ್ತಿದ್ದೆ. "ಪೌರತ್ವದ ತಕರಾರು" ಎಂದು ಹೇಳಿದರೆ ಕೇಳಿದವರ ಮುಖ ಒಂದು ಕ್ಷಣ ಬೇರೆ ಆಗುತ್ತದೆ. ಆ ಕ್ಷಣ ನೋಡಲು ಇಷ್ಟವಿರಲಿಲ್ಲ. ಮನೆಯವರು ಮಾತ್ರ "ಇಷ್ಟು ವರ್ಷ ಭೂತಾನದ ರಾಜಕುಮಾರಿ ಜೊತೆ ಸಂಸಾರ ಮಾಡಿದೆ ಅಂತ ಗೊತ್ತೇ ಇರಲಿಲ್ಲ" ಎಂದು ಛೇಡಿಸುತ್ತಿದ್ದರು. ಹಾಗೆ ನೋಡಿದರೆ ಭೂತಾನದಲ್ಲಿ ಹುಟ್ಟಿದ ಮಾತ್ರಕ್ಕೆ ಅವರ ಪ್ರಜೆಯೂ ಆಗುವುದಿಲ್ಲ. ಆ ದೇಶದ ಕಾನೂನು ತಂದೆ ತಾಯಿಯನ್ನು ನೋಡುತ್ತದೆಯೇ ಹೊರತು ನೆಲವನ್ನಲ್ಲ. ಇವರು ಬೇಡ ಅಂದರೆ ನನಗೆ ಅಲ್ಲೂ ಜಾಗವಿಲ್ಲ.

ಈ ನಡುವೆ ಅಪ್ಪನ ಪೌರತ್ವದ ಕಾಗದ. ಸಂವಿಧಾನದ 5ನೇ ವಿಧಿ ಪ್ರಕಾರ 26 ಜನವರಿ 1950ರಂದು ಇಲ್ಲಿ ನೆಲೆಸಿದ್ದು, ಇಲ್ಲೇ ಹುಟ್ಟಿದವರು ಪ್ರಜೆ. ಅಪ್ಪ ಇಲ್ಲಿ ಹುಟ್ಟಿದ್ದಕ್ಕೆ ಪುರಾವೆ ಊರಿನ ಶಾಲೆಯಲ್ಲಿ. ಕಾಕಾಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಮನುಷ್ಯ, ಮರುದಿನವೇ ಶಾಲೆಗೆ ಹೋಗಿ ಹೆಡ್‌ಮಾಸ್ತರರ ಮುಂದೆ ಕೂತರು. ಅವರೂ ಒಳ್ಳೆಯವರು, ಅಟ್ಟದ ಮೇಲಿನ ಗಂಟು ಬಿಚ್ಚಿಸಿ ದಾಖಲಾತಿ ರಿಜಿಸ್ಟರ್ ಹುಡುಕಿಸಿದರು. ಅಪ್ಪನ ಹೆಸರು, ಅಜ್ಜನ ಹೆಸರು, ಹುಟ್ಟಿದ ತಾರೀಖು, ಊರು, ಎಲ್ಲ ಇತ್ತು. ಅಲ್ಲಿಂದ ಬಂದ ಪ್ರಮಾಣಪತ್ರದಲ್ಲಿ ಈಗಿನ ಪ್ರಕಾರ ಗದಗ ಜಿಲ್ಲೆ. ಸೈನ್ಯದ ಕಾಗದದಲ್ಲಿ ಧಾರವಾಡ ಜಿಲ್ಲೆ, ಮೈಸೂರು ರಾಜ್ಯ. ನಮ್ಮೂರು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು, 1973ರಲ್ಲಿ ಹೆಸರು ಕರ್ನಾಟಕ ಆಯಿತು, 1997ರಲ್ಲಿ ಧಾರವಾಡದಿಂದ ಗದಗ ಬೇರೆ ಜಿಲ್ಲೆ ಆಯಿತು. ಊರು ಇದ್ದಲ್ಲೇ ಇದೆ. ಇದನ್ನು ಒಂದು ಹಾಳೆಯಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕಾಗದದ ಜೊತೆ ಪಿನ್ ಮಾಡಿದೆ. ಉತ್ತರ ಕರ್ನಾಟಕದವರೆಲ್ಲ ಹೀಗೇ ಮಾಡಿ, ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಇತಿಹಾಸ ಹೇಳಲು ಪುರುಸೊತ್ತು ಸಿಗುವುದಿಲ್ಲ. ಕನ್ನಡದ ಪ್ರಮಾಣಪತ್ರವನ್ನು ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿಂದ ಇಂಗ್ಲಿಷ್ ಮಾಡಿಸಿ ನೋಟರಿ ಸಹಿ ಹಾಕಿಸಿದೆ.

ಕೊನೆಗೆ ರೆಕಾರ್ಡ್ಸ್ ಆಫೀಸಿನ ಲಕೋಟೆ ಬಂತು. ಒಳಗೆ ಒಂದು ಹಾಳೆ, ಟೈಪ್‌ರೈಟರ್ ಅಕ್ಷರ ಮಸುಕಾಗಿದ್ದ ಹಳೆಯ ಆರ್ಡರ್‌ನ ಜೆರಾಕ್ಸ್, ಮೂಲೆಯಲ್ಲಿ ಹೊಸ ನೀಲಿ ಮೊಹರು. ಅಪ್ಪನ ನಂಬರು, ರ‍್ಯಾಂಕು, ಹೆಸರು. ಒಬ್ಬ ಮಗಳು ಜನಿಸಿದಳು ಅನ್ನುವ ಸಾಲು. ತಾರೀಖು. ಹಾ, ಭೂತಾನ್. ಅದನ್ನು ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಹೆಸರಿನ ಮೇಲೆ ಕಣ್ಣು ಬಿತ್ತು. ಕುಮಾರಿ ಗಂಗವ್ವ.

ನನ್ನ ಹೆಸರು ಗೀತಾ.

"ಹೌದಲ್ಲ" ಅಂದಳು ಅವ್ವ, ಏನೂ ಆಗದವಳ ಹಾಗೆ. "ನಿಮ್ಮ ಅಜ್ಜಿ ಹೆಸರಿಡ್ರಿ ಅಂತ ಊರಿಂದ ಕಾಗದ ಬಂದಿತ್ತು. ನಿಮ್ಮಪ್ಪ ಅದನ್ನ ಬರಸ್ಯಾರ. ಸಾಲಿಗೆ ಹಾಕುಮುಂದ ನಾನು ಗೀತಾ ಅಂತ ಮಾಡಿಸಿದೆ." ನಲವತ್ತು ವರ್ಷ ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಗೂಡಿಗೆ ಬಂದ ಹಕ್ಕಿ ಬೇರೆ ಯಾವುದೋ ಮರಿ ನೋಡಿದ ಹಾಗೆ ಆ ಹೆಸರನ್ನೇ ನೋಡುತ್ತ ಕೂತೆ.

ಇದಕ್ಕೆ ಪರಿಹಾರ ಅಫಿಡವಿಟ್. ಗಂಗವ್ವ, ಗೀತಾ ಇಬ್ಬರೂ ಒಬ್ಬಳೇ ಎಂದು ಅವ್ವನದೊಂದು, ನನ್ನದೊಂದು. ಮಹಾರಾಷ್ಟ್ರದಲ್ಲಿ 100 ರೂಪಾಯಿಯ ಸ್ಟಾಂಪ್ ಪೇಪರ್ ಹೋಗಿ 2024ರ ಅಕ್ಟೋಬರ್‌ನಿಂದ 500 ಆಗಿದೆ, ನೋಟರಿ ಅದರ ಮೇಲೆಯೇ ಮಾಡಿಸಿದರು. ಆದರೆ ಅಫಿಡವಿಟ್ ಒಂದನ್ನೇ ನಂಬಬೇಡಿ. ಅದಕ್ಕೆ ಆಧಾರ ಬೇಕು. ನನಗೆ ಕೈ ಹಿಡಿದದ್ದು ಡಿಸ್ಚಾರ್ಜ್ ಬುಕ್ಕು. ಅಪ್ಪ ರಿಟೈರ್ ಆಗುವ ಹೊತ್ತಿಗೆ ಅದರಲ್ಲಿ ಮಗಳ ಹೆಸರು ಗೀತಾ ಆಗಿತ್ತು, ತಾರೀಖು ಅದೇ. ಅಪ್ಪನಿಗೆ ಆ ತಾರೀಖಿನ ಇನ್ನೊಬ್ಬ ಮಗಳು ಇಲ್ಲ ಅನ್ನುವುದು ರೆಕಾರ್ಡ್ಸ್‌ನವರು ಕಳಿಸಿದ ಕುಟುಂಬದ ಪುಟದಲ್ಲೇ ಇತ್ತು. ಮದುವೆಯ ಮೇಲೆ ಅಡ್ಡಹೆಸರು ಬದಲಾದದ್ದಕ್ಕೆ ವಿವಾಹ ನೋಂದಣಿ ಪತ್ರ.

ದೊಡ್ಡ ಕಚೇರಿಗೆ ಅಪಾಯಿಂಟ್‌ಮೆಂಟ್ ತೆಗೆದು ಹೋದೆ. ಅವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಇಳಕಲ್ ಸೀರೆ ಉಟ್ಟು, ಪೆನ್ಷನ್ ಬುಕ್ಕನ್ನು ಚೀಲದಲ್ಲಿ ಇಟ್ಟುಕೊಂಡು ರಿಕ್ಷಾ ಹತ್ತಿದಳು. ಅಲ್ಲಿಯ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಕಾಗದಗಳನ್ನು ನಾನು ಜೋಡಿಸಿದ ಕ್ರಮದಲ್ಲೇ ಓದಿದರು. ಮೇಲೆ 4ನೇ ಕಲಂನ ಪ್ರಿಂಟ್ ಇಟ್ಟಿದ್ದೆ, ತಾರೀಖುಗಳಿಗೆ ಹಳದಿ ಬಣ್ಣ ಬಳಿದಿದ್ದೆ. ಅವರು ಅಲ್ಲಿ ಸ್ವಲ್ಪ ಹೊತ್ತು ನಿಂತರು. "ನೋಂದಣಿ 2004ರ ಮೇಲೆ ಹುಟ್ಟಿದವರಿಗೆ" ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು. ನನ್ನ ಎದೆಯ ಭಾರ ಅಲ್ಲೇ ಅರ್ಧ ಇಳಿಯಿತು. ಪಾರ್ಟ್ ಟೂ ಆರ್ಡರ್ ಬಂದಾಗ ಬೆರಳಿಟ್ಟು ಸಾಲು ಸಾಲು ಓದಿದರು. ಆಮೇಲೆ ಅವ್ವನ ಕಡೆ ತಿರುಗಿ, "ಆಜಿ, ಪಾಸ್‌ಪೋರ್ಟ್ ಇಲ್ಲದೆ ಹೇಗೆ ಹೋದಿರಿ?" ಎಂದು ಕೇಳಿದರು. ಅವ್ವನಿಗೆ ಮರಾಠಿ ಬರುತ್ತದೆ, ಆದರೆ ಸಾಹೇಬರ ಮುಂದೆ ಅವಳ ಬಾಯಲ್ಲಿ ಕಂಟೋನ್ಮೆಂಟ್ ಹಿಂದಿಯೇ ಬರುವುದು. "ಫೌಜ್ ಕಾ ಗಾಡಿ ಮೇ ಗಯಾ, ಫೌಜ್ ಕಾ ಗಾಡಿ ಮೇ ಆಯಾ. ಪಾಸ್‌ಪೋರ್ಟ್ ಕೌನ್ ಪೂಛಾ?" ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬುಖಾರಿ ಒಲೆಯ ಮೇಲೆ ನನ್ನ ಲಂಗೋಟಿ ಒಣಗಿಸುತ್ತಿದ್ದದ್ದು, ಹೊರಗೆ ಹಾಕಿದರೆ ಹಲಗೆಯ ಹಾಗೆ ಬಿರುಸಾಗುತ್ತಿದ್ದದ್ದು, ಎಲ್ಲ ಹೇಳಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿಯುತ್ತಿದ್ದೆ. ಆ ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಭಾರತೀಯರು ವೋಟರ್ ಕಾರ್ಡ್ ಮೇಲೆ ಭೂತಾನಕ್ಕೆ ಹೋಗಬಹುದು ಎಂದಿರುವ ಥಿಂಫುವಿನ ನಮ್ಮ ರಾಯಭಾರ ಕಚೇರಿಯ ಪುಟವನ್ನು ಪ್ರಿಂಟ್ ಮಾಡಿ ತಂದಿದ್ದೆ. ಅದರ ಅಗತ್ಯವೇ ಬೀಳಲಿಲ್ಲ, ಆದರೂ ಫೈಲಿಗೆ ಸೇರಿಸಿಕೊಂಡರು.

ಮೇಲಿನವರ ಸಹಿ ಆಗಿ ಪೊಲೀಸ್ ವಿಚಾರಣೆಗೆ ಬರಲು ಇನ್ನಷ್ಟು ವಾರ. ಠಾಣೆಯ ಹವಾಲ್ದಾರರಿಗೆ ಭೂತಾನ್ ಬಗ್ಗೆ ಕುತೂಹಲವೇ ಹೊರತು ತಕರಾರಿಲ್ಲ. ಆ ಫೈಲನ್ನೇ ಅವರ ಮುಂದೆಯೂ ಇಟ್ಟೆ.

ಖರ್ಚು ಕೇಳುವವರಿಗೆ ಹೇಳುತ್ತೇನೆ. ಸರ್ಕಾರಕ್ಕೆ ಕಟ್ಟಿದ್ದು 1,500 ಮತ್ತು ಮಾಹಿತಿ ಹಕ್ಕಿನ 10. ಉಳಿದದ್ದೆಲ್ಲ ಸ್ಟಾಂಪ್ ಪೇಪರ್, ನೋಟರಿ, ಜೆರಾಕ್ಸ್, ಸ್ಪೀಡ್ ಪೋಸ್ಟ್, ರಿಕ್ಷಾ, ತೆಗೆದ ರಜೆ. ನಡುವೆ ಒಬ್ಬ ಏಜೆಂಟ್ "ದೆಹಲಿಯಿಂದ ಪೌರತ್ವದ ಸರ್ಟಿಫಿಕೇಟ್ ತರಿಸಿಕೊಡುತ್ತೇನೆ" ಎಂದು ದೊಡ್ಡ ಮೊತ್ತ ಕೇಳಿದ. ಸಂಶಯ ಇದ್ದಾಗ ಪೌರತ್ವದ ಪ್ರಮಾಣಪತ್ರ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅದೇ ಕಾಯ್ದೆಯ 13ನೇ ಕಲಂನಲ್ಲಿ ಇದೆ, ಅದು ನಿಜ. ಆದರೆ ಸೈನ್ಯದ ದಾಖಲೆ ಗಟ್ಟಿ ಇದ್ದರೆ ಅಲ್ಲಿಯವರೆಗೆ ಹೋಗುವ ಅಗತ್ಯವಿಲ್ಲ.

ಈಗ ಹೊರದೇಶದ ಪೋಸ್ಟಿಂಗ್‌ನಲ್ಲಿ ಇರುವ ಹುಡುಗರಿಗೆ ಒಂದು ಮಾತು. ನಿಮ್ಮ ಮಕ್ಕಳಿಗೆ ನನ್ನ ರಿಯಾಯಿತಿ ಇಲ್ಲ. ಮಗುವಿಗೆ ವರ್ಷ ತುಂಬುವ ಮೊದಲೇ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ. ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ನೀವಿಬ್ಬರೂ ಬರೆದುಕೊಡಬೇಕಾಗುತ್ತದೆ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಕೇಳಬೇಕು, ಅದು ಬೇರೆಯದೇ ಪುರಾಣ.

ಹಳಬರು ಪಾಸ್‌ಪೋರ್ಟ್ ಬೇಡವಾದರೂ ಈ ಕಾಗದ ತೆಗೆಸಿಟ್ಟುಕೊಳ್ಳಿ. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಮಾಡಿದಾಗ, ಹೊರದೇಶದಲ್ಲಿ ಹುಟ್ಟಿದವರು ಭಾರತದ ರಾಯಭಾರ ಕಚೇರಿಯ ನೋಂದಣಿ ಪುರಾವೆ ಲಗತ್ತಿಸಬೇಕು ಎಂದು ಫಾರ್ಮ್‌ನಲ್ಲಿ ಬರೆದಿತ್ತು. ಆಗ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಇತ್ತು. ನಮ್ಮ ಗಲ್ಲಿಯ ಇಬ್ಬರು ಆಗಲೇ ತಮ್ಮ ತಂದೆಯ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿದ್ದಾರೆ. ಒಬ್ಬರ ತಂದೆಯ ಸರ್ವಿಸ್ ನಂಬರ್ ಸಿಗುತ್ತಿರಲಿಲ್ಲ, ಹಳೆಯ ಕ್ಯಾಂಟೀನ್ ಕಾರ್ಡ್‌ನಲ್ಲಿ ಸಿಕ್ಕಿತು. ಮೊದಲು ಅಲ್ಲಿ ಹುಡುಕಿ.